ಎರಡು ರೂಪಾಯಿ ಜಾಸ್ತಿ

ಅಂದ್ರಹಳ್ಳಿಯ ನಮ್ಮ ಸ್ಕೂಲಿಗೆ
ಪೀಣ್ಯದ ಲೇತುಗಳ ಸದ್ದೇ ಪ್ರಾರ್ಥನೆಯ ಶ್ರುತಿ.
ಕ್ಲಸ್ಟರಿನಿಂದ ಬಂದ ನಮೂನೆಯಲ್ಲಿ
ಪ್ರಾಮಾಣಿಕತೆಗೊಂದು ಕಾಲಂ, ಸಹನೆಗೊಂದು,
ಸಹಕಾರಕ್ಕೆ ಸ್ವಲ್ಪ ಇಕ್ಕಟ್ಟಿನದು.
ಎ, ಬಿ, ಸಿ ತುಂಬಿ ಕಳಿಸಬೇಕು,
ಮುನ್ನೂರ ಹನ್ನೆರಡು ಮಕ್ಕಳದ್ದು.

ಶುಕ್ರವಾರದ ಕಡೇ ಪೀರಿಯಡ್ಡು ಮೌಲ್ಯ ಶಿಕ್ಷಣ.
ವರ್ಷಗಟ್ಟಲೆ ಅದನ್ನು ಭಿನ್ನರಾಶಿ ತಿಂದಿತ್ತು;
ತಿನ್ನಲು ಬಿಟ್ಟವಳು ನಾನೇ, ಹೆಡ್ಮಿಸ್ಸು.

ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ
ಒಂದನೇ ಕ್ಲಾಸಿನ ಕುಳ್ಳ ಬೆಂಚುಗಳ ಮೇಲೆ
ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು
ನಾವು ಆರು ಜನ ಕೂರುತ್ತೇವೆ.
ಕಾಗದದಲ್ಲಿ ಇದರ ಹೆಸರು ಶಿಕ್ಷಕರ ಕಲಿಕಾ ಬಳಗ.
ಬಾಯಲ್ಲಿ: ಬನ್ರೀ, ಚಿತ್ರಾನ್ನ ಮುಗಿಸೋಣ.
ಅಲ್ಲೇ ಒಂದು ದಿನ ಶಾಹೀನಾ ಹೇಳಿದ್ದು:
ಕಾಯೋರಿಲ್ಲದ ಅಂಗಡಿ ಇಟ್ಟು ನೋಡೋಣ.
ಡ್ರಿಲ್ ಮೇಷ್ಟ್ರು ತಿಪ್ಪೇಸ್ವಾಮಿ ನಕ್ಕರು,
ಸಂಜೆಗೆ ಕಪಾಟೂ ಇರಲ್ಲ ಕಣಮ್ಮಾ.

ಇಟ್ಟೆವು. ಮೆಟ್ಟಿಲ ಕೆಳಗೆ, ನೀರಿನ ಡ್ರಮ್ಮಿನ ಪಕ್ಕ.
ಪೆನ್ಸಿಲಿಗೆ ಐದು ರೂಪಾಯಿ, ರಬ್ಬರಿಗೆ ಮೂರು,
ಮುಚ್ಚಳ ಕಳೆದ ಬಿಸ್ಕತ್ತಿನ ಡಬ್ಬಿ.
ಲೆಕ್ಕಕ್ಕೆ ಏಳನೇ ಕ್ಲಾಸಿನ ಹುಲಿಗೆಮ್ಮ,
ಲಿಂಗಸುಗೂರಿನ ಕಡೆಯವಳು; ಅಪ್ಪ ಅವ್ವ
ನೈಸ್ ರಸ್ತೆಯಾಚೆ ಏಳುತ್ತಿರುವ ಹದಿನಾಲ್ಕು ಅಂತಸ್ತಿಗೆ
ಇಟ್ಟಿಗೆ ಹೊರುವವರು.

ಮೊದಲ ವಾರ ಹದಿಮೂರು ಕಮ್ಮಿ.
ಎರಡನೆಯ ವಾರ ಇಪ್ಪತ್ತೊಂದು.
ಬಳಗದಲ್ಲಿ ಚಿತ್ರಾನ್ನ ತಣ್ಣಗಾಯಿತು.
ಕ್ಯಾಮೆರಾ ಹಾಕಿಸೋಣ ಎಂದರೊಬ್ಬರು.
ಯಾರಂತ ನನಗ್ಗೊತ್ತು ಎಂದರಿನ್ನೊಬ್ಬರು.
ಚಿಲ್ಲರೆ ಇರಲಿಲ್ಲವೇನೋ ಎಂದಳು ಶಾಹೀನಾ.
ನಾನು ಸುಮ್ಮನಿದ್ದೆ.

ಮೂರನೆಯ ಶುಕ್ರವಾರ ಸಂಜೆ, ಎಲ್ಲರೂ ಹೋದ ಮೇಲೆ,
ಡಬ್ಬಿ ಎಣಿಸಿದೆ. ಪೆನ್ಸಿಲು ಎಣಿಸಿದೆ.
ಹದಿನೆಂಟು ಕಮ್ಮಿ. ಸೋಮವಾರ ಬಿಇಓ ಬರುವವರು.
ಪರ್ಸಿನಲ್ಲಿದ್ದದ್ದು ಹತ್ತರ ಒಂದು ನೋಟು, ಐದರ ಎರಡು ಬಿಲ್ಲೆ.
ಅಷ್ಟನ್ನೂ ಹಾಕಿದೆ;
ಎರಡು ವಾಪಸು ತೆಗೆದುಕೊಳ್ಳಲು
ನಾಚಿಕೆಯಾಯಿತು, ಅದಕ್ಕೆ ಮಾತ್ರ.
ಬಸ್ಸಿನಲ್ಲಿ ಸೊನ್ನೆ ರೂಪಾಯಿಯ ಟಿಕೆಟ್ಟು, ಕಿಟಕಿ ಸೀಟು.
ತೊಡೆಯ ಮೇಲೆ ನಮೂನೆ ಬಿಡಿಸಿ
ಕುಲುಕಾಟದಲ್ಲೇ ಪೆನ್ಸಿಲಿನಿಂದ
ಎ, ಎ, ಎ.

ಮರುದಿನ ಹುಲಿಗೆಮ್ಮ ಬಾಗಿಲಲ್ಲಿ.
"ಟೀಚರ್, ಡಬ್ಬ್ಯಾಗ ಎರಡು ರೂಪಾಯಿ ಜಾಸ್ತಿ ಅದಾವ್ರೀ."
ಒಳ್ಳೇದಾಯ್ತಲ್ಲಮ್ಮ.
"ಹೆಂಗ್ರೀ ಒಳ್ಳೇದು? ಕಮ್ಮಿ ಆದ್ರ ತಪ್ಪು,
ಜಾಸ್ತಿ ಆದ್ರ ತಪ್ಪಲ್ಲೇನ್ರೀ?
ಯಾರೋ ನಮ್ಮ ಲೆಕ್ಕ ಕೆಡಿಸ್ಯಾರ."

ನಮ್ಮ, ಅಂದಳು.

ಪುಸ್ತಕದ ಕಡೇ ಹಾಳೆ ತೆಗೆದು ತೋರಿಸಿದಳು:
ಅಜ್ಮತ್, ಪೆನ್ಸಿಲು, ಸೋಮವಾರ.
ಪಾರಿಜಾತ, ಪೆನ್ಸಿಲು ರಬ್ಬರು, ಅವ್ವನ ಗಾರ್ಮೆಂಟ್ಸಿನಾಗ ಸಂಬಳ ಆದ ಮ್ಯಾಲೆ.
ಹಳೇ ವಾರದವು ಅರ್ಧಕ್ಕರ್ಧ ಗೀಟು ಹೊಡೆದಿದ್ದವು.
ಒಂದು ಸಾಲಿಗೆ ಹೆಸರಿಲ್ಲ, ಬರೀ ಪೆನ್ಸಿಲು.
ಇದು ಯಾರದ್ದು?
"ದೊಡ್ಡೋರು ಅದಾರ್ರೀ. ಕೇಳಾಕ ಬರಂಗಿಲ್ಲ."

ಜಾಸ್ತಿ ಹಾಕಿದ್ದು ನಾನು ಎಂದೆ.
ಹೌದೇನ್ರೀ ಎಂದಳು, ಅಷ್ಟೇ;
ಇಪ್ಪತ್ತು ಎಣಿಸಿ ಎತ್ತಿಟ್ಟಳು, ಕೊಡಲಿಲ್ಲ,
ಮೊದಲು ಬರೀಬೇಕ್ರೀ ಅಂತ.

ನಮೂನೆ ಅಳಿಸಲು ನನಗೊಂದು ರಬ್ಬರು ಬೇಕಿತ್ತು.
ಪರ್ಸು ನಿನ್ನೆಯಿಂದ ಖಾಲಿ.
ಹುಲಿಗೆಮ್ಮ ಕೇಳಿದಳು: ಯಾವಾಗ ಕೊಡ್ತೀರಿ?

ಬಳಗಕ್ಕೆ ಹೇಳುವುದು
ಅವಳಿಗೆ ಹೇಳಿದಷ್ಟು ಸುಲಭವಾಗಲಿಲ್ಲ.
ಯಾರೂ ಏನೂ ಅನ್ನಲಿಲ್ಲ. ಎಲ್ಲೋ ಲೇತು ನಿಂತಿತು.
ತಿಪ್ಪೇಸ್ವಾಮಿ ತುತ್ತು ನುಂಗಿ, ನೀರು ಕುಡಿದು,
ಶರ್ಟಿನ ಜೇಬಿನಿಂದ
ಅರ್ಧ ಸವೆದ ಪೆನ್ಸಿಲೊಂದನ್ನು ತೆಗೆದು
ಬೆಂಚಿನ ಮೇಲಿಟ್ಟರು.

ನಮೂನೆ ಇನ್ನೂ ನನ್ನ ಮೇಜಿನ ಮೇಲಿದೆ.
ಕ್ಲಸ್ಟರಿನಿಂದ ಎರಡು ಸಲ ಫೋನು ಬಂತು.